ಒಟ್ಟಿಗೇ ಬೀಳದ ದಾರಿ

2000ನೇ ಇಸವಿಯ ಮಾರ್ಚ್ 17, ಶುಕ್ರವಾರ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಸಿಡಿಲು ವಿದ್ಯುತ್ ಮಾರ್ಗಕ್ಕೆ ಬಡಿದು, ಅಲ್ಲಿನ ಫಿಲಿಪ್ಸ್ ಚಿಪ್ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಸುಮಾರು ಹತ್ತು ನಿಮಿಷದಲ್ಲಿ ಆರಿಯೂ ಹೋಯಿತು. ಆದರೆ ಧೂಳಿನ ಕಣವೂ ಸುಳಿಯಬಾರದ ಕೋಣೆಗಳಿಗೆ ಹೊಗೆ ಮತ್ತು ನೀರು ನುಗ್ಗಿದ್ದವು. ಆ ಕಾರ್ಖಾನೆಯ ಎರಡು ದೊಡ್ಡ ಗಿರಾಕಿಗಳೆಂದರೆ ಮೊಬೈಲ್ ಫೋನ್ ತಯಾರಿಸುತ್ತಿದ್ದ ನೋಕಿಯಾ ಮತ್ತು ಎರಿಕ್ಸನ್. ಇಬ್ಬರಿಗೂ ಫಿಲಿಪ್ಸ್ ಹೇಳಿದ್ದು ಒಂದೇ ಮಾತು: ಒಂದು ವಾರದಲ್ಲಿ ಎಲ್ಲ ಸರಿಹೋಗುತ್ತದೆ.

ಎರಿಕ್ಸನ್ ಅದನ್ನು ನಂಬಿ ಸುಮ್ಮನಾಯಿತು. ಸುದ್ದಿ ಕೆಳಗಿನ ಹಂತದಲ್ಲೇ ಉಳಿಯಿತು, ಮೇಲಿನವರ ಕಿವಿಗೆ ಬಿದ್ದದ್ದು ವಾರಗಳ ನಂತರ. ನೋಕಿಯಾದವರು ಆ ಬಿಡಿಭಾಗಗಳನ್ನು ದಿನವೂ ಗಮನಿಸಬೇಕಾದ ಪಟ್ಟಿಗೆ ಸೇರಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಇದು ತಿಂಗಳುಗಟ್ಟಲೆ ಎಳೆಯುವ ತೊಂದರೆ ಎಂಬುದು ಅವರಿಗೆ ಖಚಿತವಾಗಿತ್ತು. ಫಿಲಿಪ್ಸ್‌ನ ಬೇರೆ ಕಾರ್ಖಾನೆಗಳಲ್ಲಿ ಮಿಕ್ಕಿದ್ದ ಸಾಮರ್ಥ್ಯವನ್ನು ಹಿಡಿದುಕೊಂಡರು, ಬೇರೆ ಪೂರೈಕೆದಾರರಿಗೂ ಆರ್ಡರ್ ಕೊಟ್ಟರು. ಎರಿಕ್ಸನ್ ಎಚ್ಚೆತ್ತಾಗ ಮಾರುಕಟ್ಟೆಯಲ್ಲಿ ಚಿಪ್ ಉಳಿದಿರಲಿಲ್ಲ. ಖರ್ಚು ಉಳಿಸಲು ಎರಡನೇ ಪೂರೈಕೆದಾರರನ್ನು ಅದು ಮೊದಲೇ ಕೈಬಿಟ್ಟಿತ್ತು. ಕಳೆದುಕೊಂಡ ವಹಿವಾಟು ಸುಮಾರು 40 ಕೋಟಿ ಡಾಲರ್. ಮರುವರ್ಷ ಅದರ ಮೊಬೈಲ್ ವ್ಯವಹಾರ ಸೋನಿಯ ಜೊತೆಗಿನ ಜಂಟಿ ಕಂಪನಿಗೆ ಸೇರಿತು.

ಪೂರೈಕೆ ಸರಪಳಿಯ ಪಾಠ ಹೇಳುವವರು ಕಾಲು ಶತಮಾನದಿಂದ ಈ ಕಥೆಯನ್ನು ಹೇಳುತ್ತಲೇ ಬಂದಿದ್ದಾರೆ. ಅಂದು ಇಂದಿನಂಥ ಕೃತಕ ಬುದ್ಧಿಮತ್ತೆ ಇರಲಿಲ್ಲ, ಕ್ಲೌಡ್ ಇರಲಿಲ್ಲ. ಆದರೂ ಇಂದು ಸರಕು ಸಾಗಣೆ ಕಂಪನಿಗಳು ಕೋಟಿಗಟ್ಟಲೆ ಸುರಿದು ಕೊಳ್ಳುತ್ತಿರುವ ಡಿಜಿಟಲ್ ವ್ಯವಸ್ಥೆಗಳೆಲ್ಲ ಮಾಡಬೇಕಾದ ಕೆಲಸ ಏನು ಎಂಬುದು ಇದರಲ್ಲೇ ಇದೆ. ತಂತ್ರಜ್ಞಾನ ಬೆಂಕಿಯನ್ನು ತಡೆಯುವುದಿಲ್ಲ. ಅದು ಕೊಡುವುದು ಸಮಯವನ್ನು. ಉಳಿದವರಿಗಿಂತ ನಾಲ್ಕು ದಿನ ಮೊದಲು ಗೊತ್ತಾದರೆ ಆ ನಾಲ್ಕು ದಿನವೇ ಬಂಡವಾಳ. ಆದರೆ ಆ ಸಮಯದಲ್ಲಿ ಹಿಡಿಯಲು ಬೇರೊಂದು ದಾರಿ ಇರಬೇಕು, ಮತ್ತು ಆ ದಾರಿ ಮೊದಲನೆಯದರ ಜೊತೆಗೇ ಕುಸಿಯುವಂಥದ್ದಾಗಿರಬಾರದು. ಈ ಎರಡನೇ ಮಾತನ್ನು ಸಾಫ್ಟ್‌ವೇರ್ ಮಾರುವವರು ಹೇಳುವುದಿಲ್ಲ.

ಸರಕು ಎಲ್ಲಿದೆ?

ಮೂವತ್ತು ವರ್ಷದ ಹಿಂದೆ ಲಾರಿ ಹೊರಟಿತೆಂದರೆ ಅದು ಮುಟ್ಟುವವರೆಗೆ ಮಾಲೀಕನಿಗೆ ಗೊತ್ತಿರುತ್ತಿದ್ದದ್ದು ಚಾಲಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ಹೇಳಿದಷ್ಟು. ಇಂದು ಲಾರಿಯ ಜಿಪಿಎಸ್ ಸಾಧನ ಸ್ಥಳವನ್ನೂ ವೇಗವನ್ನೂ ನಿಂತ ಹೊತ್ತನ್ನೂ ಕಳುಹಿಸುತ್ತಿರುತ್ತದೆ. ಟೋಲ್ ದಾಟಿದರೆ ಫಾಸ್ಟ್ಯಾಗ್‌ನಲ್ಲಿ ಗುರುತು ಬೀಳುತ್ತದೆ. ಅಂತರರಾಷ್ಟ್ರೀಯ ಯಾನ ಮಾಡುವ ದೊಡ್ಡ ಹಡಗುಗಳು ತಮ್ಮ ಗುರುತು, ದಿಕ್ಕು, ವೇಗವನ್ನು ಬಿತ್ತರಿಸುವ ಎಐಎಸ್ ಉಪಕರಣ ಇಟ್ಟುಕೊಂಡಿರಬೇಕೆಂಬ ನಿಯಮವಿದೆ. ಹಣ್ಣು, ಮೀನು, ಔಷಧ ಸಾಗಿಸುವ ಶೀತಲ ಕಂಟೇನರ್ ತನ್ನೊಳಗಿನ ಉಷ್ಣಾಂಶವನ್ನು ಸಮುದ್ರದ ನಡುವಿನಿಂದಲೇ ವರದಿ ಮಾಡುತ್ತದೆ. ಯಂತ್ರ ಕೆಡುವ ಲಕ್ಷಣ ಕಂಡರೆ ಮುಂದಿನ ಬಂದರಿನಲ್ಲಿ ಮೆಕ್ಯಾನಿಕ್ ಕಾದಿರುತ್ತಾನೆ. ಸರಕು ಹಾಳಾದ ಮೇಲೆ ವಿಮೆಯ ಅರ್ಜಿ ಬರೆಯುವುದಕ್ಕೂ ಹಾಳಾಗುವ ಮುನ್ನ ರಿಪೇರಿ ಮಾಡುವುದಕ್ಕೂ ಇರುವ ಅಂತರ ಅಷ್ಟೇ.

ಭಾರತದಲ್ಲಿ ಈ ಕಣ್ಣುಗಳು ಬಹುಪಾಲು ತೆರೆದದ್ದು ತೆರಿಗೆ ಮತ್ತು ಟೋಲ್ ವಸೂಲಿಯ ನೆಪದಲ್ಲಿ. ವ್ಯಾಟ್ ಕಾಲದಲ್ಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಇ–ಸುಗಮ್ ಎಂಬ ವ್ಯವಸ್ಥೆ ನಡೆಸುತ್ತಿತ್ತು. ಸರಕು ಹೊರಡುವ ಮೊದಲೇ ಅದರ ವಿವರ ಕಂಪ್ಯೂಟರಿಗೆ ಏರಬೇಕಿತ್ತು. ಜಿಎಸ್‌ಟಿ ಬಂದ ಮೇಲೆ 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ–ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಬಂದರಿನಿಂದ ಹೊರಬೀಳುವ ಕಂಟೇನರಿಗೆ ಟ್ಯಾಗ್ ಅಂಟಿಸಿ, ಅದು ಒಳನಾಡಿನ ಡಿಪೊ ತಲುಪುವವರೆಗೆ ಹೆಜ್ಜೆ ಗುರುತಿಸುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ 2016ರಲ್ಲಿ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಿಂದ ಶುರುವಾಯಿತು.

ವಸೂಲಿಗೆಂದು ಹುಟ್ಟಿದ ಈ ಮಾಹಿತಿ ಸಂಕಟ ಕಾಲದಲ್ಲಿ ದೇಶದ ನಾಡಿ ಹಿಡಿದು ನೋಡಲು ಒದಗಿತು. ತಿಂಗಳಿಗೆ ಐದು ಕೋಟಿಗೂ ಹೆಚ್ಚಿರುತ್ತಿದ್ದ ಇ–ವೇ ಬಿಲ್‌ಗಳ ಸಂಖ್ಯೆ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಬಿಗಿಯಾಗಿದ್ದಾಗ, ಒಂದು ಕೋಟಿಗಿಂತ ಕೆಳಗೆ ಇಳಿಯಿತು. ಸರಕು ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು ಅಳೆಯಲು ಯಾವ ಸಮೀಕ್ಷೆಯೂ ಬೇಕಾಗಲಿಲ್ಲ.

ಅಗ್ಗದ ಬಿಡಿಭಾಗದ ದುಬಾರಿ ಪಾಠ

ಕಾಣುವುದು ಮೊದಲ ಹೆಜ್ಜೆ. ಕಂಡದ್ದನ್ನು ಲೆಕ್ಕ ಹಾಕುವುದು ಎರಡನೆಯದು. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಡೇವಿಡ್ ಸಿಮ್ಚಿ–ಲೆವಿ ಫೋರ್ಡ್ ಕಂಪನಿಯ ಜೊತೆ ಸೇರಿ ಮಾಡಿದ ಕೆಲಸ ಇಲ್ಲಿ ನೆನಪಿಡುವಂಥದ್ದು. ಎಲ್ಲಿ ಭೂಕಂಪವಾಗುತ್ತದೆ, ಯಾವಾಗ ಪ್ರವಾಹ ಬರುತ್ತದೆ ಎಂದು ಊಹಿಸುವ ಗೋಜಿಗೇ ಅವರು ಹೋಗಲಿಲ್ಲ. ಕಾರಣ ಏನೇ ಇರಲಿ, ಒಂದು ಕೊಂಡಿ ಕಳಚಿತು ಎಂದಿಟ್ಟುಕೊಂಡು ಎರಡೇ ಪ್ರಶ್ನೆ ಕೇಳಿದರು. ಆ ಕೊಂಡಿ ಮತ್ತೆ ಕೂಡಿಕೊಳ್ಳಲು ಎಷ್ಟು ದಿನ ಬೇಕು? ಅಲ್ಲಿಯವರೆಗೆ ಉಳಿದ ಸರಪಳಿ ಎಷ್ಟು ದಿನ ತಾಳುತ್ತದೆ? ಚೇತರಿಸಿಕೊಳ್ಳಲು ಬೇಕಾದ ದಿನಗಳು ತಾಳುವ ದಿನಗಳಿಗಿಂತ ಹೆಚ್ಚಿದ್ದರೆ ಅಪಾಯ ಅಲ್ಲಿದೆ.

ಸಾವಿರಾರು ಪೂರೈಕೆದಾರರಿರುವ ಕಂಪನಿಯಲ್ಲಿ ಈ ಲೆಕ್ಕ ಕೈಯಲ್ಲಿ ಆಗುವಂಥದ್ದಲ್ಲ. ಪ್ರತಿಯೊಂದು ಕೊಂಡಿಯನ್ನೂ ಒಂದೊಂದಾಗಿ ಕಿತ್ತು ನೋಡಲು ಕಂಪ್ಯೂಟರ್ ಮಾದರಿ ಬೇಕು. ಹಾಗೆ ನೋಡಿದಾಗ ಅಚ್ಚರಿ ಕಾದಿತ್ತು. ಕಂಪನಿ ಅತಿ ಹೆಚ್ಚು ಹಣ ಸುರಿಯುತ್ತಿದ್ದ ದೊಡ್ಡ ಪೂರೈಕೆದಾರರ ಬಳಿ ಅಪಾಯ ಅಷ್ಟಾಗಿ ಇರಲಿಲ್ಲ. ಅವರ ಮೇಲೆ ಎಲ್ಲರ ಕಣ್ಣೂ ಇತ್ತು. ಉತ್ಪಾದನೆ ನಿಲ್ಲಿಸುವ ಶಕ್ತಿ ಇದ್ದದ್ದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಅಗ್ಗದ ಬಿಡಿಭಾಗಗಳಿಗೆ. ಸರಕು ಸಾಗಣೆಯಲ್ಲೂ ಹೀಗೆಯೇ. ದೊಡ್ಡ ಗೋದಾಮಿಗೆ ಜನರೇಟರ್, ವಿಮೆ, ಕಾವಲು ಎಲ್ಲ ಇರುತ್ತವೆ. ಕೆಲಸ ನಿಲ್ಲುವುದು ಲೇಬಲ್ ಮುದ್ರಿಸುವ ಯಂತ್ರದ ಸುರುಳಿ ಮುಗಿದಾಗ, ಅಥವಾ ಕಸ್ಟಮ್ಸ್ ಕಾಗದಕ್ಕೆ ಸಹಿ ಹಾಕಬಲ್ಲ ಒಬ್ಬನೇ ವ್ಯಕ್ತಿ ರಜೆ ಹಾಕಿದಾಗ.

ಟೊಯೊಟಾ ಈ ಲೆಕ್ಕವನ್ನು ಪೆಟ್ಟು ತಿಂದು ಕಲಿಯಿತು. 2011ರ ಮಾರ್ಚ್‌ನ ಜಪಾನ್ ಭೂಕಂಪ ಮತ್ತು ಸುನಾಮಿಯ ನಂತರ, ತನ್ನ ಪೂರೈಕೆದಾರರಿಗೆ ಪೂರೈಸುವವರು ಯಾರು, ಅವರಿಗೆ ಪೂರೈಸುವವರು ಯಾರು ಎಂಬುದೇ ತನಗೆ ತಿಳಿದಿಲ್ಲ ಎಂದು ಅದಕ್ಕೆ ಅರಿವಾಯಿತು. ಬೇರಿನವರೆಗೂ ಇಳಿಯುವ ಪೂರೈಕೆದಾರರ ದತ್ತಾಂಶ ಕೋಶ ಕಟ್ಟಿತು. ಜೊತೆಗೆ, ಹೊತ್ತಿಗೆ ಸರಿಯಾಗಿ ಬೇಕಾದಷ್ಟನ್ನೇ ತರಿಸುವ ಪದ್ಧತಿಯ ಜನಕ ಎನಿಸಿಕೊಂಡ ಕಂಪನಿಯೇ, ಎರಡರಿಂದ ಆರು ತಿಂಗಳಿಗೆ ಸಾಲುವಷ್ಟು ಚಿಪ್‌ಗಳನ್ನು ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. ಕೋವಿಡ್ ಕಾಲದ ಚಿಪ್ ಬರದಲ್ಲಿ ಅನೇಕ ವಾಹನ ಕಂಪನಿಗಳು ಬಾಗಿಲು ಹಾಕುತ್ತಿದ್ದಾಗ ಟೊಯೊಟಾ ಹೆಚ್ಚು ದಿನ ನಡೆದದ್ದು ಇದರಿಂದ. ದತ್ತಾಂಶ ಕೋಶ ಯಾವ ವಸ್ತು ಕೂಡಿಡಬೇಕು ಎಂದು ತೋರಿಸಿತು, ಕೂಡಿಟ್ಟ ವಸ್ತು ಕಾಪಾಡಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ.

ಕೆಂಪು ಸಮುದ್ರದ ತಿರುವು

2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. ಜಗತ್ತಿನ ವ್ಯಾಪಾರದ ಸುಮಾರು ಶೇ 12ರಷ್ಟು ಅಂದು ಹಾಯುತ್ತಿದ್ದ ದಾರಿ ಅದು. ಕಾಯಬೇಕೋ, ಆಫ್ರಿಕಾವನ್ನು ಸುತ್ತಿ ಹೋಗಬೇಕೋ ಎಂದು ಕಂಪನಿಗಳು ತಡಕಾಡುತ್ತಿದ್ದಂತೆಯೇ ದಾರಿ ತೆರೆಯಿತು.

2023ರ ಕೊನೆಗೆ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ನವೆಂಬರ್ 19ರಂದು ಯೆಮನ್‌ನ ಇಸ್ರೇಲ್ ವಿರೋಧಿ ಹೂಥಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹೈಜಾಕ್ ಮಾಡಿದರು. ನಂತರ ದಾಳಿಗಳು ಹೆಚ್ಚಿದವು. ಡಿಸೆಂಬರ್ ಮಧ್ಯಭಾಗಕ್ಕೆ ಮರ್ಸ್ಕ್ ಸೇರಿದಂತೆ ದೊಡ್ಡ ಕಂಪನಿಗಳು ಕೆಂಪು ಸಮುದ್ರದ ದಾರಿ ಬಿಟ್ಟು ಕೇಪ್ ಆಫ್ ಗುಡ್ ಹೋಪ್ ಕಡೆಗೆ ತಿರುಗಿದವು. ಎರಡು ತಿಂಗಳೊಳಗೆ ಸೂಯೆಜ್ ದಾಟುವ ಹಡಗುಗಳು ಶೇ 42ರಷ್ಟು ಇಳಿದವು ಎಂದು ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್ ಲೆಕ್ಕ ಕೊಟ್ಟಿತು.

ಹಡಗು ತಿರುಗಿಸುವುದು ಕಪ್ತಾನನಿಗೆ ದೊಡ್ಡ ಕೆಲಸವಲ್ಲ. ಅದರ ಬೆನ್ನಿಗೆ ಬರುವ ಲೆಕ್ಕ ದೊಡ್ಡದು. ಹತ್ತು ದಿನ ತಡವಾದ ಹಡಗು ಬಂದರಿನಲ್ಲಿ ತನ್ನ ಸರದಿ ಕಳೆದುಕೊಳ್ಳುತ್ತದೆ. ಅದರಲ್ಲಿನ ಸಾವಿರಾರು ಕಂಟೇನರ್‌ಗಳಿಗಾಗಿ ಕಾದಿದ್ದ ರೈಲು, ಲಾರಿ, ಗೋದಾಮಿನ ಸರದಿಗಳೂ ತಪ್ಪುತ್ತವೆ. ಖಾಲಿ ಕಂಟೇನರ್ ಹಿಂದಿರುಗುವುದು ತಡವಾಗಿ, ರಫ್ತುದಾರನಿಗೆ ತುಂಬಲು ಪೆಟ್ಟಿಗೆಯೇ ಸಿಗುವುದಿಲ್ಲ. ತಿರುಪ್ಪೂರಿನ ಬನಿಯನ್ನಿಗೂ ಕೊಡಗಿನ ಕಾಫಿಗೂ ಯುರೋಪಿನ ದಾರಿ ಇದೇ. ಇಂಥ ಹೊತ್ತಿನಲ್ಲಿ ಡಿಜಿಟಲ್ ವ್ಯವಸ್ಥೆಯ ಉಪಕಾರ ದೊಡ್ಡದು. ಪ್ರತಿಯೊಂದು ಪೆಟ್ಟಿಗೆಯ ಹೊಸ ಆಗಮನ ದಿನವನ್ನು ತಾನೇ ಲೆಕ್ಕಹಾಕಿ ಗಿರಾಕಿಗೆ ತಿಳಿಸುತ್ತದೆ. ಯಾವುದನ್ನು ಕಾಯಲು ಬಿಡಬಹುದು, ಯಾವುದನ್ನು ನಡುವಿನ ಬಂದರಿನಲ್ಲಿ ಇಳಿಸಿ ವಿಮಾನಕ್ಕೆ ಏರಿಸಬೇಕು ಎಂದು ಬೇರ್ಪಡಿಸುತ್ತದೆ. ತಡವಾಗುತ್ತದೆ ಎಂಬ ಸುದ್ದಿಯನ್ನು ಸಹಿಸಿಕೊಳ್ಳುವ ಗಿರಾಕಿ, ಏನೂ ಗೊತ್ತಿಲ್ಲ ಎಂಬ ಉತ್ತರವನ್ನು ಸಹಿಸುವುದಿಲ್ಲ.

ಆದರೆ ಅದೇ ಸಮುದ್ರ ಇನ್ನೆರಡು ಪಾಠ ಕಲಿಸಿತು. ಎಐಎಸ್‌ನಲ್ಲಿ ಹಡಗು ಎಲ್ಲಿದೆ ಎಂದು ಮಾಲೀಕನಿಗೆ ಕಾಣುವಂತೆಯೇ ದಾಳಿಕೋರನಿಗೂ ಕಾಣುತ್ತದೆ. ಕೆಲವು ಹಡಗುಗಳು ಎಐಎಸ್‌ನಲ್ಲಿ ಗಮ್ಯ ಬಂದರಿನ ಹೆಸರು ತುಂಬಬೇಕಾದ ಜಾಗದಲ್ಲಿ ‘ಇಸ್ರೇಲ್ ಜೊತೆ ಸಂಬಂಧವಿಲ್ಲ’ ಎಂದೋ ‘ಸಿಬ್ಬಂದಿ ಎಲ್ಲರೂ ಚೀನೀಯರು’ ಎಂದೋ ಬರೆದು ಸಾಗಿದವು. ಇನ್ನು ಕೆಲವು ಉಪಕರಣವನ್ನೇ ಆರಿಸಿದವು. ಎರಡನೇ ಪಾಠ ನೀರಿನ ಅಡಿಯದು. 2024ರ ಫೆಬ್ರುವರಿಯಲ್ಲಿ ದಾಳಿಗೆ ತುತ್ತಾಗಿ ಸಿಬ್ಬಂದಿ ಬಿಟ್ಟುಹೋದ ರೂಬಿಮಾರ್ ಹಡಗು ತೇಲುತ್ತಾ ಸಾಗುತ್ತಿದ್ದ ದಿನಗಳಲ್ಲೇ ಅಲ್ಲಿನ ಸಮುದ್ರತಳದ ಇಂಟರ್‌ನೆಟ್ ಕೇಬಲ್‌ಗಳು ತುಂಡಾದವು. ಅದರ ಲಂಗರು ಎಳೆದೇ ಹೀಗಾಗಿರಬೇಕೆಂದು ಅಂದಾಜು. ಸರಕು ಹೋಗುವ ದಾರಿಯೂ ಆ ಸರಕಿನ ಸುದ್ದಿ ಹೋಗುವ ದಾರಿಯೂ ಒಂದೇ ಕಿರಿದಾದ ಕಡಲಿನಲ್ಲಿದ್ದವು.

ಒಂದೇ ಬೆಟ್ಟದ ನಾಲ್ಕು ದಾರಿ

ಇದು ದೂರದ ಕಥೆ ಎನಿಸಿದರೆ 2024ರ ಜುಲೈಯನ್ನು ನೆನಪಿಸಿಕೊಳ್ಳಿ. 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಜೀವಗಳೂ ಹೋದವು. ಅದೇ ತಿಂಗಳು ಸಕಲೇಶಪುರದ ಬಳಿ ದೊಡ್ಡತಪ್ಲುವಿನಲ್ಲಿ ಮಣ್ಣು ಜಾರಿ ಶಿರಾಡಿ ಘಾಟಿಯ ಹೆದ್ದಾರಿ 75 ಮತ್ತೆ ಮತ್ತೆ ಬಂದ್ ಆಯಿತು. 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳೂ ನಿಂತವು. ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ. ಸಂಪಾಜೆಯ ದಾರಿಯಲ್ಲೂ ಕೆಲವು ದಿನ ರಾತ್ರಿ ಸಂಚಾರಕ್ಕೆ ತಡೆ.

ನಕ್ಷೆಯಲ್ಲಿ ನೋಡಿದರೆ ಕರಾವಳಿಗೂ ಬಯಲುಸೀಮೆಗೂ ಹಲವು ದಾರಿಗಳಿವೆ. ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಅದೂ ಇಲ್ಲವಾದರೆ ಸಂಪಾಜೆ, ರಸ್ತೆಯೇ ಇಲ್ಲವಾದರೆ ರೈಲು. ಮೊಬೈಲಿನ ನಕ್ಷೆ ಪರ್ಯಾಯ ದಾರಿಯನ್ನು ಕ್ಷಣಾರ್ಧದಲ್ಲಿ ನೀಲಿ ಗೆರೆ ಎಳೆದು ತೋರಿಸುತ್ತದೆ. ಆದರೆ ಆ ಎಲ್ಲ ಗೆರೆಗಳೂ ಏರುವುದು ಅದೇ ಪಶ್ಚಿಮ ಘಟ್ಟವನ್ನು, ತೋಯುವುದು ಅದೇ ಮಳೆಯಲ್ಲಿ. ಕಾಗದದ ಮೇಲೆ ನಾಲ್ಕಿದ್ದ ದಾರಿ ಆಷಾಢದಲ್ಲಿ ಒಂದೇ ಆಗಿಬಿಡುತ್ತದೆ. ಮಂಗಳೂರಿನಿಂದ ಹಾಸನ ಮಾರ್ಗವಾಗಿ ಬೆಂಗಳೂರಿಗೆ ಪೆಟ್ರೋಲಿಯಂ ಉತ್ಪನ್ನಗಳ ಕೊಳವೆ ಮಾರ್ಗ ಇರುವುದರ ಬೆಲೆ ಗೊತ್ತಾಗುವುದು ಇಂಥ ವಾರಗಳಲ್ಲಿ. ಅದೂ ಘಟ್ಟವನ್ನೇ ದಾಟುತ್ತದೆ, ಆದರೆ ರಸ್ತೆಯ ಮೇಲೆ ಮಣ್ಣು ಬಿದ್ದರೆ ಟ್ಯಾಂಕರಿನ ಹಾಗೆ ನಿಲ್ಲುವುದಿಲ್ಲ.

ಇಲ್ಲಿ ತಂತ್ರಜ್ಞಾನ ಮಾಡಬಹುದಾದದ್ದು ಬಹಳಷ್ಟಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ. 15 ನಿಮಿಷಕ್ಕೊಮ್ಮೆ ಮಾಹಿತಿ ಯಲಹಂಕದ ಕೇಂದ್ರಕ್ಕೆ ಬಂದು ಬೀಳುತ್ತದೆ. ರೈತರಿಗಾಗಿ ‘ವರುಣ ಮಿತ್ರ’ ಸಹಾಯವಾಣಿ ಇದೆ. ಇನ್ನೊಂದು ಕಡೆ ಲಾರಿಗಳಲ್ಲಿ ಜಿಪಿಎಸ್ ಇದೆ, ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಇದೆ. ಸಕಲೇಶಪುರದ ಸುತ್ತ ಮಳೆ ಮಿತಿ ಮೀರಿದ ಗಳಿಗೆಯಲ್ಲೇ ನೆಲಮಂಗಲ ಬಿಡಲಿರುವ ಲಾರಿಗೆ, ಸುರತ್ಕಲ್ ಬಿಡಲಿರುವ ಟ್ಯಾಂಕರಿಗೆ ಕನ್ನಡದಲ್ಲೊಂದು ಎಚ್ಚರಿಕೆ ಹೋದರೆ, ಅವು ಘಾಟಿಯ ಬುಡದಲ್ಲಿ ಸಾಲುಗಟ್ಟಿ ನಿಲ್ಲುವುದು ತಪ್ಪುತ್ತದೆ. ನೆಲಮಂಗಲದಲ್ಲೇ ನಿಂತ ಲಾರಿಗೆ ಬೇರೆ ಲೋಡ್ ಸಿಗಬಹುದು. ಘಾಟಿಯ ಬುಡದ ಗುಂಡ್ಯದಲ್ಲಿ ನಿಂತದ್ದಕ್ಕೆ ಸಿಗುವುದು ಮಳೆ ಮಾತ್ರ.

ನಿಯಮಗಳೂ ಇದಕ್ಕೆ ಹೊಂದಿಕೊಳ್ಳಬೇಕು. ಇ–ವೇ ಬಿಲ್‌ಗೆ 200 ಕಿಲೋಮೀಟರಿಗೆ ಒಂದು ದಿನ ಎಂಬ ಅವಧಿ ಇದೆ. ಘಾಟಿಯಲ್ಲಿ ಸಿಕ್ಕಿಕೊಂಡ ಲಾರಿಯ ಬಿಲ್ ಅಲ್ಲೇ ಮುಗಿದುಹೋಗಬಹುದು. ನೈಸರ್ಗಿಕ ವಿಕೋಪದ ಕಾರಣ ಕೊಟ್ಟು ಅವಧಿ ವಿಸ್ತರಿಸಲು ಅವಕಾಶವಿದೆ, ಆದರೆ ಅದು ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಕೋರಬೇಕು. ಮೊಬೈಲ್ ಸಿಗ್ನಲ್ ಸಿಗದ ಕಾಡಿನಲ್ಲಿ ಕೂತ ಚಾಲಕ, ಬೆಳಗ್ಗೆ ಹತ್ತಕ್ಕೆ ತೆರೆಯುವ ಟ್ರಾನ್ಸ್‌ಪೋರ್ಟ್ ಆಫೀಸು: ಈ ಎರಡರ ನಡುವೆ ಎಂಟು ಗಂಟೆ ಬೇಗ ಕರಗುತ್ತದೆ. ಹೆದ್ದಾರಿ ಮುಚ್ಚಿದೆ ಎಂದು ಜಿಲ್ಲಾಡಳಿತ ಆದೇಶ ಹೊರಡಿಸಿದ ಕೂಡಲೇ ಆ ದಾರಿಯಲ್ಲಿರುವ ಬಿಲ್‌ಗಳ ಅವಧಿ ತಾನಾಗಿಯೇ ಮುಂದೆ ಹೋಗುವಂತೆ ಮಾಡುವುದು ಕಂಪ್ಯೂಟರಿಗೆ ಕಷ್ಟದ ಕೆಲಸವಲ್ಲ.

ಮಾಹಿತಿಯನ್ನು ಹಂಚಿಕೊಳ್ಳದ ಹೊರತು ಇದ್ಯಾವುದೂ ಆಗದು. ಮರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆ ಆರಂಭಿಸಿದವು. ಹಡಗು, ಬಂದರು, ಕಸ್ಟಮ್ಸ್ ಎಲ್ಲರೂ ಒಂದೇ ಕಡೆ ದಾಖಲೆ ನೋಡಬಹುದು ಎಂಬ ಕನಸು. ತಂತ್ರಜ್ಞಾನ ಕೆಲಸ ಮಾಡಿತು, ಕೂಟ ಕೂಡಿ ಬರಲಿಲ್ಲ. ಉದ್ಯಮದ ಪೂರ್ಣ ಸಹಕಾರ ಸಿಗಲಿಲ್ಲ ಎಂದು ಹೇಳಿ 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವುದಾಗಿ ಅವು ಪ್ರಕಟಿಸಿದವು. ಪ್ರತಿಸ್ಪರ್ಧಿಯ ಅಂಗಳದಲ್ಲಿ ತನ್ನ ಲೆಕ್ಕದ ಪುಸ್ತಕ ಬಿಚ್ಚಿಡಲು ಯಾರಿಗೆ ಮನಸ್ಸಾದೀತು? ಭಾರತ ಹಿಡಿದದ್ದು ಬೇರೆ ದಾರಿ. 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಬಂದ ಯುಲಿಪ್ ವೇದಿಕೆ, ವಾಹನ ನೋಂದಣಿ, ಚಾಲನಾ ಪರವಾನಗಿ, ಕಸ್ಟಮ್ಸ್, ರೈಲ್ವೆ ಸರಕು ಹೀಗೆ ಸರ್ಕಾರದ ಮೂವತ್ತಕ್ಕೂ ಹೆಚ್ಚು ವ್ಯವಸ್ಥೆಗಳನ್ನು ಜೋಡಿಸುತ್ತದೆ. ಅಂಗಳ ಯಾರೊಬ್ಬ ಸ್ಪರ್ಧಿಯದೂ ಅಲ್ಲ ಎಂಬುದು ಇದರ ಬಲ. ಆದರೆ ನಮ್ಮಲ್ಲಿ ಲಾರಿ ಮಾಲೀಕರಲ್ಲಿ ಬಹುತೇಕರ ಬಳಿ ಇರುವುದು ಐದಕ್ಕಿಂತ ಕಡಿಮೆ ಲಾರಿ. ಅವರಿಗೆ ಐಟಿ ವಿಭಾಗ ಇಲ್ಲ, ವಾಟ್ಸ್‌ಆ್ಯಪ್ ಗುಂಪು ಇದೆ. ಯುಲಿಪ್‌ನ ಮಾಹಿತಿ ಆ ಗುಂಪಿನವರೆಗೆ ಇಳಿದಾಗಲೇ ಅದು ಸರಪಳಿಯ ಕೊನೆಯ ಕೊಂಡಿ ಮುಟ್ಟಿತು ಎನ್ನಬಹುದು.

ಘಾನಾದಲ್ಲಿ ಕರೆಂಟ್ ಹೋಗಿತ್ತು

ಇನ್ನು ನಾಣ್ಯದ ಮತ್ತೊಂದು ಮುಖ. 2017ರ ಜೂನ್ 27ರಂದು ಡೆನ್ಮಾರ್ಕ್‌ನ ಮರ್ಸ್ಕ್ ಕಚೇರಿಯಲ್ಲಿ ಕಂಪ್ಯೂಟರ್ ಪರದೆಗಳು ಒಂದೊಂದಾಗಿ ಕಪ್ಪಾದವು. ಉಕ್ರೇನ್‌ನಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ಹಬ್ಬಿದ ನಾಟ್‌ಪೆಟ್ಯ ಎಂಬ ಕುತಂತ್ರಾಂಶ ಇದಕ್ಕೆ ಕಾರಣ. ಗುರಿ ಉಕ್ರೇನ್ ಆಗಿತ್ತು, ಏಟು ಜಗತ್ತಿಗೇ ಬಿತ್ತು. ಮರ್ಸ್ಕ್ ಸಮೂಹದ 76 ಬಂದರು ಟರ್ಮಿನಲ್‌ಗಳಲ್ಲಿ 17 ತತ್ತರಿಸಿದವು. ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದು ನಡೆಸುವ ಟರ್ಮಿನಲ್ ಕೂಡ ಅವುಗಳಲ್ಲಿ ಒಂದು. ಹಡಗುಗಳಿಗೆ ಏನೂ ಆಗಿರಲಿಲ್ಲ, ಕ್ರೇನ್‌ಗಳೂ ಸರಿಯಿದ್ದವು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾರಿಗೆ ಕೊಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಬಂದರುಗಳ ಗೇಟಿನ ಹೊರಗೆ ಲಾರಿಗಳ ಸಾಲು ಬೆಳೆಯಿತು.

ಕಂಪನಿಯ ಜಾಲದ ಕೀಲಿಕೈ ಇರುವುದು ಡೊಮೇನ್ ಕಂಟ್ರೋಲರ್ ಎಂಬ ಸರ್ವರ್‌ಗಳಲ್ಲಿ. ಮರ್ಸ್ಕ್ ಬಳಿ ಸುಮಾರು 150 ಇದ್ದವು, ಲೋಕದ ಬೇರೆ ಬೇರೆ ಮೂಲೆಗಳಲ್ಲಿ. ಒಂದಕ್ಕೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದುದರಿಂದ ಒಂದು ಹೋದರೆ ಇನ್ನೊಂದು ಇದೆ ಎಂಬ ಧೈರ್ಯ ಇತ್ತು. ಎಲ್ಲವೂ ಒಂದೇ ಗಳಿಗೆಯಲ್ಲಿ ಹೋಗಬಹುದು ಎಂದು ಯಾರೂ ಎಣಿಸಿರಲಿಲ್ಲ. ಉಳಿದದ್ದು ಒಂದೇ, ಘಾನಾದ ಕಚೇರಿಯದು. ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಳಚಿಕೊಂಡಿತ್ತು. ಅಲ್ಲಿನ ಇಂಟರ್‌ನೆಟ್ ನಿಧಾನ, ಅಷ್ಟು ಮಾಹಿತಿ ಕಳುಹಿಸಲು ದಿನಗಟ್ಟಲೆ ಬೇಕು. ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಒಬ್ಬರು ನೈಜೀರಿಯಾದವರೆಗೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಹಾರ್ಡ್ ಡಿಸ್ಕ್ ಕೊಟ್ಟು, ಅದು ದುರಸ್ತಿ ಕೆಲಸ ನಡೆಯುತ್ತಿದ್ದ ಲಂಡನ್ ಬಳಿಯ ಮೇಡನ್‌ಹೆಡ್ ಸೇರಿತು. ಅಂದು ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗು ಕಂಪನಿಯಾಗಿದ್ದ ಮರ್ಸ್ಕ್ ಹೀಗೆ ಕೈಯಿಂದ ಕೈಗೆ ದಾಟಿದ ಒಂದು ಡಿಸ್ಕಿನಿಂದ ಎದ್ದುಕೊಂಡಿತು.

ಅಧ್ಯಕ್ಷರಾಗಿದ್ದ ಜಿಮ್ ಹಾಗೆಮನ್ ಸ್ನಾಬೆ ಮರುವರ್ಷ ದಾವೋಸ್‌ನಲ್ಲಿ ಲೆಕ್ಕ ಮುಂದಿಟ್ಟರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್, 2,500 ತಂತ್ರಾಂಶಗಳನ್ನು ಮರುಸ್ಥಾಪಿಸಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರ್. ಅವರು ಹೇಳಿದ ಇನ್ನೊಂದು ಅಂಕಿ ಇವೆಲ್ಲಕ್ಕಿಂತ ಮುಖ್ಯ: ಆ ದಿನಗಳಲ್ಲಿ ಕಡಿಮೆಯಾದ ಸರಕು ಶೇ 20 ಮಾತ್ರ. ಉಳಿದ ಶೇ 80ನ್ನು ಜನ ಕೈಯಲ್ಲಿ ನಿಭಾಯಿಸಿದರು. ವಾಟ್ಸ್‌ಆ್ಯಪ್, ಖಾಸಗಿ ಜಿಮೇಲ್, ಕಾಗದ, ಪೆನ್ನು. ತನ್ನ ಡಿಜಿಟಲ್ ವ್ಯವಸ್ಥೆ ಪೂರ್ತಿ ಮಲಗಿದಾಗ ಕಂಪನಿಯನ್ನು ಉಳಿಸಿದ್ದು ಕೆಲಸ ಬಲ್ಲ ನೌಕರರು.

ಎಲ್ಲರಿಗೂ ಘಾನಾ ಇರುವುದಿಲ್ಲ. ಬ್ರಿಟನ್ನಿನ 158 ವರ್ಷ ಹಳೆಯ ‘ನೈಟ್ಸ್ ಆಫ್ ಓಲ್ಡ್’ ಲಾರಿ ಸಂಸ್ಥೆಯನ್ನು ಒಳಗೊಂಡ ಕೆಎನ್‌ಪಿ ಸಮೂಹ 2023ರಲ್ಲಿ ಒತ್ತೆ ಹಣದ ಸೈಬರ್ ದಾಳಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಮುಳುಗಿತು. ಸುಮಾರು 730 ಜನ ಕೆಲಸ ಕಳೆದುಕೊಂಡರು. ಚಿಪ್ ಬರವನ್ನು ಹೆಚ್ಚು ದಿನ ತಾಳಿದ್ದ ಟೊಯೊಟಾ ಕೂಡ 2022ರ ಮಾರ್ಚ್ 1ರಂದು ಜಪಾನಿನ ತನ್ನ ಎಲ್ಲ 14 ಕಾರ್ಖಾನೆ ನಿಲ್ಲಿಸಿತು. ಕೊಜಿಮಾ ಇಂಡಸ್ಟ್ರೀಸ್ ಎಂಬ ಬಿಡಿಭಾಗ ಪೂರೈಕೆದಾರನ ಕಂಪ್ಯೂಟರಿಗೆ ದಾಳಿಕೋರರು ನುಗ್ಗಿದ್ದೇ ಕಾರಣ. 2024ರ ಜುಲೈ 19ರಂದು ದಾಳಿಯೂ ಇರಲಿಲ್ಲ. ಭದ್ರತೆಗೆಂದೇ ಇದ್ದ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲೂ ಅಂದು ಕೈಬರಹದ ಬೋರ್ಡಿಂಗ್ ಪಾಸ್ ಹರಿದಾಡಿದವು. ಆ ದಿನ ಚೀಟಿ ಬರೆಯಲು ಬರುತ್ತಿದ್ದವರ ಮುಂದಿನ ಸಾಲು ಸರಿಯಿತು.

ಘಟ್ಟದ ದಾರಿಗಳಿಗೂ ಮರ್ಸ್ಕ್‌ನ 150 ಸರ್ವರ್‌ಗಳಿಗೂ ಇರುವ ರೋಗ ಒಂದೇ. ಸಂಖ್ಯೆ ಹೆಚ್ಚಿತ್ತು, ಬೇರೆತನ ಇರಲಿಲ್ಲ. ಇಂದು ಬಂದರು, ಗೋದಾಮು, ಲಾರಿ ಸಂಸ್ಥೆ, ಬ್ಯಾಂಕು ಹೀಗೆ ಬಹಳಷ್ಟು ಸಂಸ್ಥೆಗಳು ಮೂರು–ನಾಲ್ಕು ಕ್ಲೌಡ್ ಕಂಪನಿಗಳ ಮೇಲೆ ಕೂತಿವೆ. ಹೊರಗಿನಿಂದ ನೋಡಿದರೆ ನೂರು ಕಂಪನಿ, ಅಡಿಪಾಯ ಮೂರೋ ನಾಲ್ಕೋ.

ಕೊಳ್ಳುವ ಮೊದಲು ಕೇಳಬೇಕಾದದ್ದು

ಹಾಗೆಂದು ಡಿಜಿಟಲ್ ಬೇಡ ಎನ್ನುವುದು ಎರಿಕ್ಸನ್ನಿನಂತೆ ಸುಮ್ಮನೆ ಕೂರುವ ದಾರಿ. ಬೇಕಾದದ್ದು ಅದರ ಜೊತೆಗೆ ಇನ್ನೂ ಮೂರು ಸಂಗತಿ. ಮೊದಲನೆಯದು ಮಿಗುತೆ: ಸ್ವಲ್ಪ ದಾಸ್ತಾನು, ಸ್ವಲ್ಪ ಖಾಲಿ ಜಾಗ, ಇನ್ನೊಬ್ಬ ಪೂರೈಕೆದಾರ. ವರ್ಷಾಂತ್ಯದ ಲೆಕ್ಕದಲ್ಲಿ ಇದು ದಂಡದ ಖರ್ಚಿನಂತೆ ಕಾಣುತ್ತದೆ, ಮತ್ತು ಖರ್ಚು ಕತ್ತರಿಸುವವರು ಮೊದಲು ಕೈ ಹಾಕುವುದೂ ಇದಕ್ಕೇ. ಹೀಗಾಗಿ ಎಲ್ಲೆಡೆ ಮಿಗುತೆ ಇಡಲಾಗದು. ಎಲ್ಲಿ ಇಡಬೇಕೆಂದು ಲೆಕ್ಕ ಮಾಡಿ ತೋರಿಸುವುದೇ ಡಿಜಿಟಲ್ ಮಾದರಿಯ ನಿಜವಾದ ಉಪಯೋಗ. ಎರಡನೆಯದು ಅಭ್ಯಾಸ. ವರ್ಷಕ್ಕೊಂದು ದಿನ ಸರ್ವರ್ ಆರಿಸಿ, ಕಾಗದದ ಮೇಲೆ ಲೋಡ್ ಕಳುಹಿಸಿ ನೋಡುವ ಧೈರ್ಯ ಕಂಪನಿಗೆ ಇರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ನಾವಾಗಬಾರದಲ್ಲ. ಮೂರನೆಯದು ಅಧಿಕಾರ. ಪರದೆಯ ಮೇಲೆ ಕೆಂಪು ದೀಪ ಹತ್ತಿದಾಗ, ರಾತ್ರಿ ಎರಡು ಗಂಟೆಗೆ, ಲಾರಿ ತಿರುಗಿಸು ಎಂದು ಹೇಳುವ ಹಕ್ಕು ಯಾರಿಗಿದೆ? ಆ ಹಕ್ಕು ಬೆಳಗ್ಗೆ ಹನ್ನೊಂದಕ್ಕೆ ಬರುವ ಮ್ಯಾನೇಜರಿಗೆ ಮಾತ್ರ ಇದ್ದರೆ, ತಂತ್ರಜ್ಞಾನ ಗಳಿಸಿಕೊಟ್ಟ ಒಂಬತ್ತು ಗಂಟೆಯನ್ನು ಕಂಪನಿಯೇ ಚೆಲ್ಲಿದಂತೆ.

ಲಾಜಿಸ್ಟಿಕ್ಸ್ ಕಂಪನಿಯವರು ಹೊಸ ತಂತ್ರಾಂಶ ಕೊಳ್ಳಲು ಕೂತಾಗ ಮಾರಾಟಗಾರರು ಅದು ಏನೇನು ಮಾಡುತ್ತದೆ ಎಂದು ತೋರಿಸುತ್ತಾರೆ. ಅದು ನಿಂತುಹೋದ ದಿನ ನಮ್ಮವರು ಏನು ಮಾಡುತ್ತಾರೆ ಎಂದು ಕೇಳುವುದು ಕೊಳ್ಳುವವರ ಕೆಲಸ. ಆ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡ ಕಂಪನಿಗೆ ತಂತ್ರಾಂಶ ಬಲ ಕೊಡುತ್ತದೆ. ಬರೆದಿಟ್ಟುಕೊಳ್ಳದ ಕಂಪನಿ ಕೊಳ್ಳುವುದು ಕುಸಿಯಬಹುದಾದ ಇನ್ನೊಂದು ಕೊಂಡಿಯನ್ನು, ಅದೂ ದುಬಾರಿ ಬೆಲೆಗೆ.